ಕೆಂಪು ಕಾರ್ಡಿನ ಇಪ್ಪತ್ತು ಇಲಿಗಳು

ಒಟ್ಟು ನಲವತ್ತು ಇಲಿ. ಡಬ್ಬಿಯ ಮೇಲೆ ನೀಲಿ ಕಾರ್ಡಿದ್ದ ಇಪ್ಪತ್ತಕ್ಕೆ ಲಸಿಕೆ ಹಾಕಿತ್ತು. ಕೆಂಪು ಕಾರ್ಡಿನ ಇಪ್ಪತ್ತಕ್ಕೆ ಬರೀ ಉಪ್ಪುನೀರಿನ ಸೂಜಿ. ಆಮೇಲೆ ಎಲ್ಲಕ್ಕೂ ಒಂದೇ ದಿನ ಸಾಲ್ಮೊನೆಲ್ಲಾ ಕುಡಿಸಿದೆವು, ಟೈಫಾಯ್ಡ್ ಜಾತಿಯ ಜ್ವರ ತರುವ ಕ್ರಿಮಿ. ಕೆಂಪಿನವು ಎಂಟು ದಿನದೊಳಗೆ ಸಾಯಬೇಕು. ಅವು ಸತ್ತು, ನೀಲಿಯವು ಉಳಿದರೆ ಮಾತ್ರ ಲಸಿಕೆ ಗೆದ್ದಂತೆ. ಹನ್ನೊಂದನೆಯ ದಿನವೂ ಕೆಂಪಿನವು ಕುಣಿಯುತ್ತಿದ್ದವು.

ಡಾಕ್ಟರಮ್ಮ ಡಬ್ಬಿಗಳ ಮುಂದೆ ಕುಕ್ಕರಿಸಿಬಿಟ್ಟರು. ನಾಲ್ಕು ವರ್ಷದ ಕೆಲಸ. ಈ ಸಲ ಫಲ ಬಾರದಿದ್ದರೆ ಈ ಲಸಿಕೆಯನ್ನು ಕೈಬಿಡುತ್ತೇವೆಂದು ಮೇಲಿನವರು ಹೇಳಿಯಾಗಿತ್ತು.

"ಕ್ರಿಮಿ ಜೀವಕೋಶದ ಒಳಗೇ ಹೋಗಿ ಅಡಗುತ್ತೆ. ಒಳಗೆ ಕೂತ ಕಳ್ಳನ ಗುರುತು ಹಿಡಿಯೋದು ಮೈ ಕಾಯೋ ಟಿ ಕೋಶ. ಅದನ್ನ ಪಳಗಿಸೋಕೇ ಈ ಲಸಿಕೆ. ಪಳಗಿಸದೇ ಇರೋ ಇವು ಹೇಗೆ ಬದುಕಿದ್ವು?"

ಮಧ್ಯಾಹ್ನ ಗೊತ್ತಾಯಿತು. ನಾನು ಇಲಿಮನೆಯ ಮೇಲ್ವಿಚಾರಕ. ನೀರು, ಹೊಟ್ಟು ಬದಲಿಸುವವಳು ನನ್ನ ಹೆಂಡತಿ. ಅವಳ ನಿಲುವಂಗಿಯ ಜೇಬಿನಲ್ಲಿ ಮಾತ್ರೆಯ ಖಾಲಿ ಸ್ಟ್ರಿಪ್ ಸಿಕ್ಕಿತು. ಹೋದ ವರ್ಷ ಅವಳಿಗೆ ಟೈಫಾಯ್ಡ್ ಆದಾಗ ಉಳಿದಿದ್ದ ಮಾತ್ರೆ.

"ಏನೇ ಇದು? ತಲೆ ಕೆಟ್ಟಿದೆಯಾ?"

"ಇಪ್ಪತ್ತೊಂದು ದಿನ ಹಾಸಿಗೆ ಹಿಡಿದವಳು ನಾನು, ನೀವಲ್ಲ. ಪುಡಿ ಮಾಡಿ ಕೆಂಪಿನವುಗಳ ನೀರಿಗೆ ಹಾಕ್ದೆ. ಏನೀಗ?"

"ಊರ ಮಕ್ಕಳು ಜ್ವರದಲ್ಲಿ ಬೇಯೋದು ಕಾಣಲ್ಲ, ಇಲಿ ಕಾಣುತ್ತೆ ನಿನಗೆ!"

"ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಗೊತ್ತಾಗಲ್ಲ. ಹೇಳಿದ್ರೋ, ನಾನು ನಿಮ್ಮ ಪಾಲಿಗೆ ಸತ್ತೆ ಅಂದ್ಕೊಳ್ಳಿ."

ಹೇಳಿದೆ. ಸಿಟ್ಟು ನೆತ್ತಿಗೇರಿತ್ತು, ಕೈಹಿಡಿದವಳೆಂದು ನೋಡಲಿಲ್ಲ.

ಡಾಕ್ಟರಮ್ಮ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಅರಳಿತು. "ಅಂದ್ರೆ ಲಸಿಕೆ ಸೋತಿಲ್ಲ!" ಎಂದರು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿದರು. "ನಲವತ್ತನ್ನೂ ಇವತ್ತೇ ಮುಗಿಸಿ. ಮೊದಲಿಂದ ಶುರು ಮಾಡೋಣ."

"ನೀಲಿಯವೂನಾ? ಅವಕ್ಕೆ ನಾನೇನೂ ಹಾಕಿಲ್ಲವಲ್ಲಮ್ಮಾ."

"ಹೋಲಿಸೋಕೆ ಕೆಂಪಿನವು ಇಲ್ಲದ ಮೇಲೆ ಅವನ್ನ ಇಟ್ಕೊಂಡು ಏನು ಮಾಡ್ಲಿ? ಕೆಲಸದಿಂದ ತೆಗೆದ್ರೆ ಮನೇಲಿ ಕೂತು ಆರಾಮಾಗಿ ಅಳ್ತೀರ. ಬೇಡ. ನೀವೇ ಮಾಡಿ."

ಗ್ಯಾಸಿನ ಪೆಟ್ಟಿಗೆಯ ತಿರುಪನ್ನು ಅವಳು ಎಂಟು ಸಲ ತಿರುಗಿಸಿದಳು. ಸಲಕ್ಕೆ ಐದು ಇಲಿ. ಒಂದು ಹನಿ ಕಣ್ಣೀರಿಲ್ಲ.

ಹೊಸ ಇಲಿಗಳು ಬಂದವು. ಯಾವ ನಂಬರಿನ ಇಲಿಗೆ ಲಸಿಕೆ, ಯಾವುದಕ್ಕೆ ಉಪ್ಪುನೀರು ಎಂದು ಚೀಟಿ ಎತ್ತಿ ತೀರ್ಮಾನಿಸುವುದು ಇಲ್ಲಿನ ಪದ್ಧತಿ. ಮೊದಲು ಎತ್ತಿದ ಇಪ್ಪತ್ತು ಕೆಂಪಿಗೆ. ಡಾಕ್ಟರಮ್ಮ ಚೀಟಿಗಳ ಬಟ್ಟಲನ್ನು ಅವಳ ಮುಂದೆ ಹಿಡಿದರು. ಅವಳು ಅದನ್ನು ನನ್ನ ಎದೆಗೆ ದೂಡಿದಳು.

"ಧರ್ಮರಾಯರು ಇವರು. ಇವರೇ ಎತ್ತಲಿ."

ಎತ್ತಿದೆ. ಹದಿನೇಳು. ಅವಳು ಆ ಇಲಿಯನ್ನು ಬಾಲ ಹಿಡಿದು ತೆಗೆದು ನನ್ನ ಅಂಗೈ ಮೇಲೆ ಬಿಟ್ಟಳು. ಬೆಚ್ಚಗಿತ್ತು. ಹೆಬ್ಬೆರಳು ಮೂಸಿ ಅಲ್ಲೇ ಮುದುಡಿ ಕೂತಿತು.

"ಏನು ನೋಡ್ತೀರಿ? ಹಾಕಿ ಕೆಂಪು ಡಬ್ಬಿಗೆ," ಎಂದಳು. "ಇನ್ನೂ ಹತ್ತೊಂಬತ್ತಿವೆ."