ಬಾಗಿಲಿಗೊರಗಿದ ಕುರ್ಚಿ

ಆ ಕೋಣೆಯ ಬಾಗಿಲಿಗೆ ಒಳಗಿನಿಂದ ಯಾವಾಗಲೂ ಒಂದು ಕುರ್ಚಿ ಒರಗಿರುತ್ತಿತ್ತು. ನಾನು ತಟ್ಟಿ ಹೆಸರು ಹೇಳಿದ ಮೇಲೆ ಅದು ನೆಲ ಕೆರೆಯುತ್ತ ಸರಿಯುವ ಸದ್ದು; ಆಮೇಲೆ ಝರ್ಮೀನಾಳ ಮುಖ.

ಗಡಿ ದಾಟಿ ಬಂದು ಆಶ್ರಯ ಕೋರಿದ ಹದಿಹರೆಯದವರನ್ನು ಆ ಊರಿನ ಹಳೆಯ ಛತ್ರವೊಂದರಲ್ಲಿ ಇರಿಸಿದ್ದರು. ಅಂಥವರಿಗಾಗಿ ಸರ್ಕಾರ ಹೊಸ ನಿಯಮ ಮಾಡಲಿತ್ತು. ಅವರಿಗೇನು ಬೇಕೆಂದು ಕೇಳಿ ವರದಿ ಬರೆಯುವ ಕೆಲಸ ನನ್ನದು. ಅವರನ್ನು ಅವರಲ್ಲೊಬ್ಬರೇ ಕೇಳಲಿ ಎಂದು ಝರ್ಮೀನಾಳನ್ನು ಜೊತೆಗೆ ಸೇರಿಸಿಕೊಂಡೆ. ಹದಿನೇಳರ ಹುಡುಗಿ, ಮೂರು ವರ್ಷದಲ್ಲಿ ನಮ್ಮ ಭಾಷೆಯನ್ನೂ ನಮ್ಮ ಕೊಂಕನ್ನೂ ಕಲಿತಿದ್ದಳು.

ನನ್ನ ಪ್ರಶ್ನೆಗಳ ಪಟ್ಟಿ ಓದಿ ನಕ್ಕಳು. "ಅಕ್ಕಾ, ಇದಕ್ಕಿಂತ ಪೊಲೀಸರೇ ವಾಸಿ. ಅವರು ಚಹಾನಾದ್ರೂ ಕೊಟ್ಟಿದ್ರು."

"ಹಾಗಾದ್ರೆ ನೀನೇ ಬರಿಯಮ್ಮಾ, ಪಂಡಿತೆ."

ಅವಳು ಬರೆದದ್ದು ಒಂದೇ ಪ್ರಶ್ನೆ: ನಿನಗೆ ನಿದ್ದೆ ಬರಲು ಏನು ಬೇಕು? ಅದನ್ನು ಹಿಡಿದು ಇಪ್ಪತ್ತೆರಡು ಕೋಣೆ ಸುತ್ತಿದಳು. ಹೇಳಿದರೆ ಏನಾದರೂ ಆಗುತ್ತದೆಯೇ ಎಂದು ಎಲ್ಲರೂ ಕೇಳಿದರಂತೆ. "ಆಗುತ್ತೆ, ನಾನಿದ್ದೀನಲ್ಲ," ಅಂದಳಂತೆ. ಅವಳು ಬರೆದು ತಂದದ್ದರಲ್ಲಿ ಹತ್ತೊಂಬತ್ತು ಮಂದಿಯ ಉತ್ತರ ಒಂದೇ ಆಗಿತ್ತು: ಬಾಗಿಲಿಗೆ ಒಳಗಿನಿಂದ ಚಿಲಕ. ಛತ್ರದಲ್ಲಿ ರಾತ್ರಿ ತಲೆ ಎಣಿಸಲು ಬರುವವರು ಬಾಗಿಲು ತಟ್ಟುತ್ತಿರಲಿಲ್ಲ. ಆ ಮಕ್ಕಳು ಬಿಟ್ಟುಬಂದ ಊರುಗಳಲ್ಲೂ ಯಾರೂ ತಟ್ಟಿ ಬಂದಿರಲಿಲ್ಲ.

ನಾಲ್ಕು ತಿಂಗಳ ನಂತರ ನಿಯಮ ಬಂತು. ಎಲ್ಲ ಕೋಣೆಗಳಿಗೂ ಚಿಲಕ ಎಂಬ ಸಾಲು ಅದರಲ್ಲಿತ್ತು. ಸಿಹಿ ಕಟ್ಟಿಸಿಕೊಂಡು ಛತ್ರಕ್ಕೆ ಹೋದೆ. ಸಾಲು ಬಾಗಿಲುಗಳ ಮೇಲೆ ಹೊಸ ಚಿಲಕಗಳು ಹೊಳೆಯುತ್ತಿದ್ದವು. ಹೊರಗೆ, ನಾನು ನಿಂತಿದ್ದ ಬದಿಗೆ.

"ಕತ್ತಲಾದ ತಕ್ಷಣ ಹಾಕಿಬಿಡ್ತೀವಿ. ಎಣಿಸೋ ತಾಪತ್ರಯನೇ ಇಲ್ಲ," ಎಂದರು ಮೇಲ್ವಿಚಾರಕ ಗುರುಶಾಂತಪ್ಪ, ಸಂತೋಷದಿಂದಲೇ. "ನಿಮ್ಮ ವರದೀಲೇ ಇತ್ತಲ್ಲಮ್ಮಾ."

ಇತ್ತು. ನಿಯಮ ಮಾಡುವ ಸಮಿತಿಯವರು ಒಂದೇ ಪುಟದ ಸಾರಾಂಶ ಕೇಳಿದ್ದರು. ನನ್ನ ಮನೆಯಲ್ಲಿ, ನನ್ನ ಕೋಣೆಯಲ್ಲಿ, ಚಿಲಕ ಹಾಕಿಕೊಂಡು ಕೂತು ಅದನ್ನು ಬರೆದಿದ್ದೆ. ಕೊನೆಯ ಸಾಲು ಪುಟ ದಾಟಿದಾಗ 'ಒಳಗಿನಿಂದ' ಎಂಬ ಮಾತನ್ನು ಹೊಡೆದುಹಾಕಿದ್ದೆ. ಚಿಲಕ ಇನ್ನೆಲ್ಲಿರುತ್ತದೆ, ಅನ್ನಿಸಿತ್ತು.

ಝರ್ಮೀನಾ ಸಿಹಿಯ ಪೊಟ್ಟಣವನ್ನು ಮುಟ್ಟಲಿಲ್ಲ. "ಅಕ್ಕಾ, ನಾನು 'ಒಳಗಿನಿಂದ' ಅನ್ನೋದರ ಕೆಳಗೆ ಎರಡು ಗೆರೆ ಎಳೆದಿದ್ದೆ."

"ತಪ್ಪು ನನ್ನದು. ಎಲ್ಲರಿಗೂ ನಾನೇ ಹೇಳ್ತೀನಿ."

"ಅವರಿಗೆ ಮಾತು ಕೊಟ್ಟೋಳು ನಾನು. ಈಗ ಯಾರೂ ನನ್ನ ಪಕ್ಕ ಊಟಕ್ಕೆ ಕೂರಲ್ಲ."

ತಿದ್ದುಪಡಿ ಕೋರಿ ಆಮೇಲೆ ಎಷ್ಟೋ ಪತ್ರ ಬರೆದೆ. ಮುಂದಿನ ಪರಿಷ್ಕರಣೆಯಲ್ಲಿ ಗಮನಿಸಲಾಗುವುದು ಎಂಬ ಉತ್ತರ ಎರಡು ಸಲ ಬಂತು.

ಸಿಹಿ ಒಯ್ದಿದ್ದ ಆ ದಿನ ಹೊರಡುವಾಗ ಸಂಜೆಯ ಗಂಟೆ ಹೊಡೆಯಿತು. ಗುರುಶಾಂತಪ್ಪನವರು ಆ ತುದಿಯಿಂದ ಒಂದೊಂದೇ ಚಿಲಕ ಹಾಕುತ್ತ ಬರುತ್ತಿದ್ದರು. ತಿರುಗಿ ನೋಡಿದೆ. ಝರ್ಮೀನಾ ಆ ಕುರ್ಚಿಯನ್ನು ಎಳೆದು ತಂದು ಹೊಸ್ತಿಲ ಮೇಲೆ ಇಟ್ಟಿದ್ದಳು. ಎರಡು ಕಾಲು ಒಳಗೆ, ಎರಡು ಕಾಲು ಹೊರಗೆ. ಬಾಗಿಲು ಮುಚ್ಚದ ಹಾಗೆ ಅದರಲ್ಲಿ ನೆಟ್ಟಗೆ ಕೂತಿದ್ದಳು.