ರಿಪೇರಿಗೆ ಹೋದ ಓವನ್

ಎದುರು ಮನೆಯವರು ಹಗಲು ಹೊತ್ತಿನಲ್ಲೇ ವರಾಂಡದ ದೀಪ ಹಾಕಿಬಿಟ್ಟಿದ್ದಾರೆ, ಸುದ್ದಿ ಅವರಿಗೂ ಮುಟ್ಟಿರಬೇಕು, ಬೆಳಿಗ್ಗೆಯಿಂದ ಬೀದಿಯಲ್ಲೆಲ್ಲ ಅದೇ ಮಾತು, ಇನ್ನು ಮೇಲೆ ಕರೆಂಟ್ ಬಿಲ್ಲಿನಲ್ಲಿ ಅರ್ಧ ಸರ್ಕಾರವೇ ಕಟ್ಟುತ್ತದೆ, ಮನೆಯಲ್ಲೇ ಕಸುಬು ಮಾಡುವವರಿಗೆ ಇನ್ನೂ ಹೆಚ್ಚು — ಬಸ್ಸಿನ ಡ್ಯೂಟಿಯಿಂದಲೇ ಫೋನ್ ಮಾಡಿದ್ದರು ಇವರು, ಕೇಳಿದ್ಯಾ, ನಮಗೂ ಸಿಗುತ್ತಂತೆ ಕಣೇ, ಓವನ್ ಮಾರಿ ಒಂದು ತಿಂಗಳೂ ಆಗಿಲ್ಲ ಎಂದು ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು. ಮಾರುವ ಮುಂಚೆ, ಸ್ವಲ್ಪ ತಾಳು, ಏನಾದ್ರೂ ದಾರಿ ಆಗುತ್ತೆ ಅಂದಿದ್ದರು ಇವರು, ತಾಳುವುದು ಹೇಗೆ, ಬನ್ ಮಾರಿ ಬಂದದ್ದೆಲ್ಲ ಬಿಲ್ಲಿನ ಬಾಯಿಗೆ ಹೋಗುತ್ತಿತ್ತು, ಅವಸರ ನನ್ನದೇ — ಮಾರುವ ದಿನ ಅತ್ತೆಯನ್ನು ನಾದಿನಿಯ ಮನೆಗೆ ಕಳಿಸಿದ್ದೆ, ವಾಪಸ್ ಬಂದವರು ಅಡುಗೆಮನೆಯ ಖಾಲಿ ಮೂಲೆ ನೋಡಿ, ಎಲ್ಲೇ ನನ್ನ ಎರಡನೇ ಸೊಸೆ, ಎಂದರು, ರಿಪೇರಿಗೆ ಹೋಗಿದೆ ಅತ್ತೆ, ಎಂದೆ, ಬಾಯಿಗೆ ಬಂದದ್ದು ಅದೇ.

ಎರಡನೇ ಸೊಸೆ, ಓವನ್ನಿಗೆ ಅತ್ತೆ ಇಟ್ಟ ಹೆಸರು — ನೀನು ಮುನಿಸ್ಕೊಂಡ್ರೆ ಮಾತು ಬಿಡ್ತೀಯ, ಅವಳು ಮುನಿಸ್ಕೊಂಡ್ರೆ ಬನ್ ಸುಟ್ಟಿಡ್ತಾಳೆ, ನೀನೇ ವಾಸಿ, ಎಂದು ನಗುತ್ತಿದ್ದರು, ಲಕ್ವ ಹೊಡೆದ ಬಲಗೈ ಹಿಟ್ಟು ನಾದಿ ನಾದಿಯೇ ಒಂದಿಷ್ಟು ಹತೋಟಿಗೆ ಬಂದಿತ್ತು, ಡಾಕ್ಟರಮ್ಮ ಕೂಡ, ಅಜ್ಜೀ, ಇದೊಂದನ್ನ ಬಿಡಬೇಡಿ, ಎಂದಿದ್ದರು, ಬೆಳಕು ಹರಿಯುವ ಮುಂಚೆ ಎದ್ದು ನನ್ನನ್ನೂ ಎಬ್ಬಿಸುತ್ತಿದ್ದವರು ಈಗ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾರೆ, ಕೈಗೊಂದಿಷ್ಟು ಹಿಟ್ಟು ಕೊಟ್ಟು ನೋಡಿದೆ, ಬೇಯಿಸೋಕಿಲ್ಲದ ಹಿಟ್ಟು ಯಾಕೆ ಕೆಡಿಸ್ತೀಯ ಎಂದು ತಳ್ಳಿಬಿಟ್ಟರು. ಇವತ್ತು ಮಧ್ಯಾಹ್ನ ಓವನ್ ಕೊಂಡವನ ಬೇಕರಿಗೆ ಓಡಿದೆ, ಅಣ್ಣಾ, ನೀವು ಕೊಟ್ಟದ್ದರ ಮೇಲೆ ಸೇರಿಸಿಯೇ ಕೊಡ್ತೀನಿ, ನಮ್ಮ ಓವನ್ ವಾಪಸ್ ಕೊಡಿ, ಅವನು ಕೈ ಒರೆಸಿಕೊಳ್ಳುತ್ತ, ಅಯ್ಯೋ ಅಕ್ಕಾ, ಅದರ ಬಿಸಿ ಮಾಡೋ ಕಾಯಿಲ್ ಬಿಚ್ಚಿ ನನ್ನದಕ್ಕೆ ಹಾಕ್ಕೊಂಡೆ, ಡಬ್ಬ ಗುಜರಿಗೆ ಹೋಯ್ತು, ಮೊದ್ಲೇ ಹೇಳಬಾರದಿತ್ತಾ — ಮೊದಲೇ ಯಾರಿಗೆ ಗೊತ್ತಿತ್ತು. ಚಪ್ಪಲಿ ಬಿಟ್ಟು ಒಳಗೆ ಬರುತ್ತೇನೆ, ಅತ್ತೆಯ ಕೋಣೆಯಲ್ಲಿ ರೇಡಿಯೋ ಬಿಲ್ಲಿನ ಸುದ್ದಿಯನ್ನೇ ಹೇಳುತ್ತಿದೆ, ಅತ್ತೆ ಎದ್ದು ಕೂತಿದ್ದಾರೆ, ಎಷ್ಟೋ ದಿನದ ಮೇಲೆ ತಲೆ ಬಾಚಿಕೊಂಡಿದ್ದಾರೆ, ಕೇಳಿದ್ಯೇನೇ, ಇನ್ನು ಬಿಲ್ಲಿನ ಭಯ ಇಲ್ಲ, ಅವಳನ್ನ ಕರ್ಕೊಂಡು ಬಾ, ರಿಪೇರಿ ಸಾಕು, ನಾಳೆಗೆ ಹಿಟ್ಟು ಕಲಸೋಣ — ಹೇಳಬೇಕು, ಈಗಲೇ ಹೇಳಬೇಕು, ಅತ್ತೆ, ಅದು — ಅವರ ಬಲಗೈ ಮಡಿಲಿನ ಹೊದಿಕೆಯ ಮೇಲಿದೆ, ಸೊಟ್ಟ ಬೆರಳುಗಳು ಒತ್ತುತ್ತವೆ, ಮಡಚುತ್ತವೆ, ಹೊದಿಕೆಯನ್ನು ನಾದುತ್ತಿವೆ, ಅತ್ತೆ, ಎಂದೆ, ಹ್ಞೂಂ ಹೇಳು, ಎಂದರು, ಬೆರಳು ನಿಲ್ಲಲಿಲ್ಲ, ಒತ್ತುತ್ತವೆ, ಮಡಚುತ್ತವೆ, ಒತ್ತುತ್ತವೆ —