ಮೊಂಡಿಯ ಗೂನು

ಪ್ರಯೋಗಾಲಯದ ಕೊನೆಯ ಕೋಣೆಯ ಬಾಗಿಲಿಗೆ ಒಂದು ರಟ್ಟು ತೂಗುತ್ತಿತ್ತು: 'ಒಳಗೆ ಕತ್ತಲಿದೆ. ತೆರೆಯಬೇಡಿ.' ಬರೆದವಳು ಅಕ್ಕ. ಅವಳು ತೀರಿಕೊಂಡು ಐದು ತಿಂಗಳಾದರೂ ತಂಗಿ ಅದನ್ನು ತೆಗೆದಿರಲಿಲ್ಲ. ಇಬ್ಬರೂ ಅಲ್ಲಿ ಪಾಚಿ ಬೆಳೆಸಿ ಅಳೆಯುವ ಕೆಲಸದವರು. ಅಕ್ಕ ಕಲಿಸಿದ್ದನ್ನೇ ತಂಗಿ ಮಾಡಿಕೊಂಡು ಬಂದಿದ್ದಳು.

ಅಕ್ಕನ ಒಂಬತ್ತು ವರ್ಷದ ದುಡಿಮೆಯೆಲ್ಲ ಈಗ ಒಂದೇ ಒಂದು ಗಾಜಿನ ಸೀಸೆಯಲ್ಲಿ ಹಸಿರಾಗಿ ಉಳಿದಿತ್ತು. ಆ ಪಾಚಿಗೆ ಅವಳಿಟ್ಟ ಹೆಸರು ಮೊಂಡಿ. ಬೆಳಕು ಬಿದ್ದರೆ ಯಾವ ಪಾಚಿಯೊಳಗೂ ಎಲೆಕ್ಟ್ರಾನುಗಳು ಸಾಲಾಗಿ ಮುಂದೆ ಸಾಗುತ್ತವೆ. ಅದರಿಂದಲೇ ಅದರ ಅಡುಗೆ. ಬೆಳಕು ಏರುಪೇರಾದಾಗ ಕೆಲವು ಅರ್ಧ ದಾರಿಯಿಂದ ಹಿಂದಿರುಗಿ, ಒಂದು ಸುತ್ತು ಹಾಕಿ, ಕಡಿಮೆ ಬಿದ್ದ ಶಕ್ತಿಯನ್ನು ತುಂಬಿಕೊಡುತ್ತವೆ. ದೀಪ ಆರಿಸಿದ ಮೇಲೂ ಹಾಗೆ ಹಿಂದಿರುಗುವವು ಇರುತ್ತವೆ. ಆಗ ಪಾಚಿಯ ಮಂದ ಕೆಂಪು ಹೊಳಪು ತುಸು ಏರಿ ಇಳಿಯುತ್ತದೆ, ಆ ಹೊಳಪನ್ನು ಅಳೆಯುವ ಯಂತ್ರದ ಪರದೆಯ ಮೇಲಿನ ಗೆರೆ ಬೆನ್ನುಬ್ಬಿಸುತ್ತದೆ. ಅದಕ್ಕೆ ಅಲ್ಲಿಯವರು ಗೂನು ಅನ್ನುತ್ತಿದ್ದರು.

ಮೊಂಡಿಗೆ ಮಾತ್ರ ಗೂನಿರಲಿಲ್ಲ. ಅದರೊಳಗೆ ಹೋದದ್ದು ಹೋದದ್ದೇ, ವಾಪಸು ಬರುವ ಮಾತೇ ಇಲ್ಲ. ಅದಕ್ಕೇ ಅದು ಒಂದೇ ಸಮನಾದ ಮೆತ್ತನೆ ಬೆಳಕಿನಲ್ಲಷ್ಟೇ ಬದುಕುತ್ತಿತ್ತು.

ಕಳೆದ ವಾರ ಮೊಂಡಿಗೆ ಗೂನು ಬಂತು.

"ಕಲಬೆರಕೆ ಆಗಿದೆ ಕಣಮ್ಮ," ಅಂದರು ಪ್ರೊಫೆಸರು. "ಮಾಮೂಲಿ ಪಾಚಿ ಸೇರ್ಕೊಂಡಿದೆ. ಶುಕ್ರವಾರ ನಾನೇ ಕೂತು ನೋಡ್ತೀನಿ. ಗೂನು ಬಂದ್ರೆ ಕುದಿಸಿ ಚೆಲ್ಲಿಬಿಡು."

"ಸರ್, ಇರೋದೇ ಒಂದು ಸೀಸೆ."

"ಅದಕ್ಕೇ ಹೇಳ್ತಿರೋದು. ಸುಳ್ಳು ಪಾಚಿ ಇಟ್ಕೊಂಡು ನಿಮ್ಮಕ್ಕನ ಹೆಸರು ಕೆಡಿಸಬೇಡ."

ಮನುಷ್ಯ ಕೆಟ್ಟವರೇನಲ್ಲ. ಗೆರೆಗೆ ಕೊಡುವ ಬೆಲೆಯನ್ನು ಕಣ್ಣೀರಿಗೆ ಕೊಡುವವರಲ್ಲ, ಅಷ್ಟೆ.

ತಂಗಿ ಸುಮ್ಮನೆ ಕೂರಲಿಲ್ಲ. ಸೀಸೆಯಿಂದ ನಾಲ್ಕು ಹನಿ ತೆಗೆದು, ಹತ್ತುತ್ತ ಆರುತ್ತ ಇರುವ ದೀಪದ ಕೆಳಗಿಟ್ಟಳು. ಮಾಮೂಲಿ ಪಾಚಿಯಿದ್ದರೆ ಅದಾದರೂ ಉಳಿಯಬೇಕಿತ್ತು. ಎರಡು ದಿನಕ್ಕೆ ಅಷ್ಟೂ ಬೆಳ್ಳಗೆ ಸತ್ತಿತ್ತು. ಕಲಬೆರಕೆಯಿಲ್ಲ, ಅಪ್ಪಟ ಮೊಂಡಿ. ಹಾಗಾದರೆ ಗೂನು ಎಲ್ಲಿಂದ?

ಗುರುವಾರ ಮಧ್ಯಾಹ್ನ ಅಳತೆಯ ಬಟ್ಟಲಿಗೆ ಬರೀ ನೀರು ಹಾಕಿ, ದೀಪ ಆರಿಸಿ, ಪರದೆಗೆ ಕಪ್ಪು ಬಟ್ಟೆ ಮುಚ್ಚಿ ಕೂತಳು. ದೀಪ ಆರಿದ ಮೇಲೆ ಇಪ್ಪತ್ತರವರೆಗೆ ಮೆಲ್ಲಗೆ ಎಣಿಸುವುದು ಅಕ್ಕನ ರೂಢಿ. ತಂಗಿಗೂ ಅದೇ ಅಂಟಿತ್ತು. ಹದಿನೈದಕ್ಕೆ ಅವಳಿಗೆ ಉಗುಳು ಗಂಟಲಲ್ಲಿ ಸಿಕ್ಕಿ ಮಾತು ನಿಂತಿತು. ಎಣಿಕೆ ನಿಲ್ಲಲಿಲ್ಲ.

"ಹದಿನಾರು," ಅಂತು ಎಡಗಡೆಯಿಂದ ಅಕ್ಕನ ದನಿ. "ಹದಿನೇಳು."

ಇಪ್ಪತ್ತಕ್ಕೆ ಬಟ್ಟೆ ಸರಿಸಿ ನೋಡಿದಳು. ಬರೀ ನೀರಿಗೆ ಗೂನು ಎದ್ದಿತ್ತು.

ಅವಳಿಗೆ ಹೆದರಿಕೆಗಿಂತ ಖುಷಿಯೇ ಹೆಚ್ಚಾಯಿತು. ಕೋಣೆ ಬಿಡುವಾಗ ಮೊಂಡಿಗೆ "ಬರ್ತೀನಿ ಕಣೇ" ಅನ್ನದೆ ಅಕ್ಕ ಹೊಸ್ತಿಲು ದಾಟುತ್ತಿರಲಿಲ್ಲ. ಕೊನೆಯ ದಿನವೂ ಅಂದಿದ್ದಳು. ಮಾತು ಉಳಿಸಿಕೊಂಡಿದ್ದಾಳೆ!

ರಾತ್ರಿಯಿಡೀ ತಂಗಿಗೆ ಒಂದೇ ಯೋಚನೆ. ನಾಳೆಯೂ ಅವಳು ಬಂದು ಗೂನು ಎದ್ದರೆ, ಅವಳ ಮೊಂಡಿ ಕುದಿಯುವ ನೀರಿಗೆ ಹೋಗುತ್ತದೆ.

ಶುಕ್ರವಾರ ಪ್ರೊಫೆಸರು ಸ್ಟೂಲಿನ ಮೇಲೆ ಕೂತರು. ಬಟ್ಟಲಿನಲ್ಲಿ ಮೊಂಡಿ. ದೀಪ ಆರಿತು. ತಂಗಿ ಬಾಯಿ ಬಿಗಿಹಿಡಿದಳು. ಆದರೂ ಎಣಿಕೆ ಶುರುವಾಯಿತು, ಕಿವಿಯ ಪಕ್ಕದಲ್ಲೇ. ಪ್ರೊಫೆಸರಿಗೆ ಕೇಳಿಸಿದಂತಿರಲಿಲ್ಲ, ಅವರು ಕೆಮ್ಮಿದರು. ಹದಿನೇಳು. ಹದಿನೆಂಟು. ಯೋಚಿಸಲು ಹೊತ್ತಿರಲಿಲ್ಲ.

"ಅಕ್ಕಾ, ಹೋಗು," ಅಂದಳು ತಂಗಿ.

"ಏನಂದೆ?"

"ಏನಿಲ್ಲ ಸರ್."

ಹತ್ತೊಂಬತ್ತು ಕೇಳಿಸಲಿಲ್ಲ. ಬಟ್ಟೆ ಸರಿಸಿದರೆ, ಗೆರೆ ಈ ತುದಿಯಿಂದ ಆ ತುದಿಗೆ ಚಪ್ಪಟೆ.

"ಭೇಷ್! ಗೂನಿಲ್ಲ. ಇಟ್ಕೋ ನಿನ್ನ ಮೊಂಡೀನ," ಅಂದು ಪ್ರೊಫೆಸರು ನಗುತ್ತ ಎದ್ದು ಹೋದರು.

ಬಾಗಿಲು ಮುಚ್ಚಿ ತಂಗಿ ಮತ್ತೆ ದೀಪ ಆರಿಸಿದಳು. ಹದಿನೈದರವರೆಗೆ ಎಣಿಸಿ ನಿಲ್ಲಿಸಿ ಕಾದಳು. ಯಾರೂ ಮುಂದುವರಿಸಲಿಲ್ಲ. ಇನ್ನೊಂದು ಸಲ ಎಣಿಸಿದಳು. ಆಗ ಹೊಳೆಯಿತು. ಮನೆಯಿಂದ ಅಂಗಡಿಗೆ ಹೊರಟವರಿಗೂ ತಾನು ಎಂದೂ ಬರೀ ಹೋಗು ಅಂದವಳಲ್ಲ. ಹೋಗಿ ಬಾ ಅನ್ನಬೇಕಿತ್ತು.

"ಹೋಗಿ ಬಾ ಅಕ್ಕಾ," ಅಂದಳು ಕತ್ತಲಿಗೆ. "ಹೋಗಿ ಬಾ ಅಂತಲೇ ನಾನು ಹೇಳಿದ್ದು."

ಗೆರೆ ಚಪ್ಪಟೆಯಾಗಿಯೇ ಇತ್ತು.